ಅಂಗೈ ಕೆಳಗಿನ ಅಂಗೈ

ಶಿರೂರಿನ ಅಮಾತೆಪ್ಪ ಹತ್ತಿ ಹೇರಿಕೊಂಡು ಬಾಗಲಕೋಟೆ ಪೇಟೆಗೆ ಹೊರಟವನು ಬಂಡಿಯ ಮೇಲಿಂದ ತಲೆಕೆಳಗಾಗಿ ಬಿದ್ದದ್ದು ಎಪ್ಪತ್ತೆರಡರ ಸುಗ್ಗಿಯಲ್ಲಿ. ತಿಂಗಳೊಪ್ಪತ್ತು ಕುತ್ತಿಗೆಗೆ ಎಣ್ಣೆ ತಿಕ್ಕಿಸಿಕೊಂಡು ಎದ್ದ. "ಹತ್ತಿ ಮ್ಯಾಲಿಂದ ಬಿದ್ದೆ, ಹತ್ತಿ ಮ್ಯಾಲ ಬಿದ್ದಿದ್ದರ ನಿದ್ದಿನ ಹತ್ತತಿತ್ತು" ಎಂದು ಊರವರನ್ನು ನಗಿಸಿದ. ಪೆಟ್ಟು ಮಾತ್ರ ಎಲ್ಲಿಗೂ ಹೋಗಿರಲಿಲ್ಲ. ಕಥೆಯೊಳಗಿನ ಸರ್ಪದಂತೆ ಅದು ಗಂಡನ ಹೆಗಲುಗಳ ನಡುವೆ ಸುರುಳಿ ಸುತ್ತಿ ಹನ್ನೆರಡು ವರ್ಷ ಮಲಗಿತ್ತೆಂದು ಹೆಂಡತಿ ಗುರುಲಿಂಗವ್ವನಿಗೆ ಈಗ ಅನಿಸುತ್ತಿತ್ತು.

ಎದ್ದಾಗ ಅದು ಮೊದಲು ಎಡಗೈ ಬೆರಳಿಗೆ ಬಂತು. ಜುಮುಜುಮು ಎನ್ನುತ್ತಿದ್ದ ಕೈ ಬರಬರುತ್ತ ಮರವಟ್ಟಿತು. ಅಂಗಿಯ ಗುಂಡಿ ಸಿಗದಾಯಿತು. ಕುತ್ತಿಗೆ ಬಾಗದಾಯಿತು. ಬಾಗಲಕೋಟೆಯ ಡಾಕ್ಟರು ಎಕ್ಸರೇ ಬೆಳಕಿಗೆ ಹಿಡಿದು, "ಹಳೀ ಪೆಟ್ಟರಿ. ಎಲುವು ಸವದು ನರ ಒತ್ತಾಕತ್ತೈತಿ. ಇದ್ದಷ್ಟು ಕಾಪಾಡಿಕೊಳ್ರಿ" ಎಂದು ಕುತ್ತಿಗೆಗೆ ಪಟ್ಟಿ ಕಟ್ಟಿ ಕಳಿಸಿದರು.

ಗುರುಲಿಂಗವ್ವ ಅದಕ್ಕೂ ಹೊಂದಿಕೊಂಡಳು. ಗುಂಡಿ ಹಾಕುವಳು, ಏನೇ ಹೇಳುವುದಿದ್ದರೂ ಗಂಡನ ಎದುರಿಗೇ ಬಂದು ನಿಲ್ಲುವಳು. ಆದರೆ ಮೂರು ದಿನದಿಂದ ಅವನು ಅನ್ನ ಮುಟ್ಟಿರಲಿಲ್ಲ. ರೊಟ್ಟಿ ಮುಂದಿಟ್ಟರೆ "ಹಸಿವಿಲ್ಲ" ಎನ್ನುತ್ತಿದ್ದ.

ನಾಲ್ಕನೆಯ ಮುಂಜಾನೆ ದೇವರ ಜಗಲಿ ಸಾರಿಸಲು ಹೋದಾಗ, ಅವನ ಪೂಜೆಗೆಂದು ತಾನು ತಂದಿಟ್ಟ ಪತ್ರಿಯೆಲ್ಲ ಬಾಡಿ ಅಲ್ಲೇ ಬಿದ್ದಿದ್ದು ಕಂಡಿತು. ಲಿಂಗಪೂಜೆಯಾಗದೆ ತುತ್ತು ಎತ್ತುವ ಮನುಷ್ಯನಲ್ಲ ಅವನು.

"ಪೂಜಿ ಯಾಕ ಬಿಟ್ಟೀರಿ?"

ಅಮಾತೆಪ್ಪ ಗೋಡೆ ನೋಡುತ್ತ ಕುಳಿತ. "ಸೋಮವಾರ ಲಿಂಗ ಕೈಯಾಗಿಂದ ಜಾರಿತು. ಪುಣ್ಯಾ, ತೊಡಿ ಮ್ಯಾಲ ಬಿತ್ತು. ಜಾರಿದ್ದ ಗೊತ್ತಾಗಲಿಲ್ಲ ನನಗ. ನೆಲಕ್ಕ ಬಿದ್ದಿದ್ದರ?"

ಲಿಂಗ ನೆಲಕ್ಕೆ ಬಿದ್ದರೆ ಜೀವ ಇಟ್ಟುಕೊಳ್ಳಬಾರದೆಂಬ ಹಿರಿಯರ ಮಾತು ಆಕೆಗೂ ಗೊತ್ತಿತ್ತು. ಆದರೂ ತೋರಗೊಡದೆ, "ತಾಟಿನ್ಯಾಗರ ಇಟಗೊಂಡು ಮಾಡ್ರಿ" ಎಂದಳು.

"ತಾಟಿನ್ಯಾಗ ಇಡಾಕ ಅದೇನ ಉಳ್ಳಾಗಡ್ಡಿ ಏನ? ಅಂಗೈಯಾಗ ಹಿಡದು ನೋಡಬೇಕು. ಕುತ್ತಿಗಿ ಬಾಗಂಗಿಲ್ಲ, ಕೈ ಕಣ್ಣಿನ ಮಟಾ ಎತ್ತಬೇಕು. ಎತ್ತಿದರ ನಡಗತೈತಿ."

ಆಕೆ ಕೈಕಾಲು ತೊಳೆದು ಬಂದು ಅವನ ಎಡಮಗ್ಗುಲಲ್ಲಿ ಕುಳಿತಳು. ಅವನ ತಣ್ಣನೆಯ ಕೈಯ ಕೆಳಗೆ ತನ್ನ ಅಂಗೈ ಕೊಟ್ಟು ಕಣ್ಣಿನ ಮಟ್ಟಕ್ಕೆ ಎತ್ತಿದಳು.

"ನಾ ಲಿಂಗ ಮುಟ್ಟಂಗಿಲ್ಲ, ನಿಮ್ಮ ಕೈ ಅಷ್ಟ ಹಿಡೀತೇನಿ. ನನ್ನ ಲಿಂಗದ ಪೂಜಿ ಮುಗದೈತಿ."

"ಹೆಂಡತಿ ಆಸರ ಬೇಕಾತಲ್ಲ ಶಿವಗ!"

"ಶಿವಗ ಹೆಂಡತಿ ಇಲ್ಲೇನ್ರಿ? ತಗೀರಿ."

ಅವನ ಬಲಗೈ ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಯ ಮೇಲೆಯೇ ನಿಂತಿತು. ತನ್ನ ಅಂಗೈಯ ಕೆಳಗೆ ಬಾಗಿ ನೋಡಲಾರ; ಆಕೆಯ ಕೈ ತಾಕಿದ್ದು ಆ ಮರಗಟ್ಟಿದ ಕೈಗೆ ತಿಳಿಯದು.

"ಕೈ ಕೊಟ್ಟಿ ಹೌದಲ್ಲ?"

"ಕೊಟ್ಟೇನ್ರಿ."

"ಖರೇನ?"

"ಲಗ್ನದಾಗ ಹಿಡಿದಿದ್ದು, ಇನ್ನೂ ಬಿಟ್ಟಿಲ್ಲ. ತಗೀರಿ ಅಂದ್ನಿ."

ಆಗ ಅವನು ಕರಡಿಗೆ ಬಿಚ್ಚಿದ. ಲಿಂಗ ಅಂಗೈಯಲ್ಲಿ ಕುಳಿತಾಗ ಎರಡು ಕೈಗಳೂ ಸ್ವಲ್ಪ ನಡುಗಿ ಆಮೇಲೆ ನಿಂತವು. ಯಾರ ಕೈ ಯಾರದನ್ನು ನಿಲ್ಲಿಸಿತೋ ಆಕೆಗೇ ತಿಳಿಯಲಿಲ್ಲ. ಆಕೆ ಮೊಣಕೈಯನ್ನು ಮೊಣಕಾಲಿಗೆ ಊರಿ ಕದಲದೆ ಕುಳಿತಳು.

ಎಷ್ಟೋ ಹೊತ್ತಿನ ಮೇಲೆ ತಲೆಯೆತ್ತಿದರೆ, ಕುತ್ತಿಗೆ ತಿರುಗಿಸಲಾರದ ಅಮಾತೆಪ್ಪ ಕಣ್ಣಷ್ಟನ್ನೇ ಓರೆ ಮಾಡಿ ಆಕೆಯ ಕಡೆ ನೋಡುತ್ತಿದ್ದ.

"ನನ್ನಲ್ಲರಿ, ಲಿಂಗ ನೋಡ್ರಿ" ಎಂದಳು ಗುರುಲಿಂಗವ್ವ. "ಲಗೂನ ಮುಗಸ್ರಿ, ರೊಟ್ಟಿ ಬಡೀಬೇಕು."