ಗೀಟಿಲ್ಲದ ಒಂದು ಜಾಗ

"ಎರಡು ವರ್ಷ ನಮ್ಮ ಕಡ್ಲಿ ಒಯ್ದು ಒಯ್ದು, ಈಗ ಬಂದು ಪ್ಯಾಟಿ ಕಡ್ಲಿಗೂ ಇದಕ್ಕೂ ಫರಕ್ ಇಲ್ಲ ಅಂತಿ? ನಿನ್ನ ಕಂಪ್ಯೂಟರಿನ ಕಣ್ಣು ಹೋಗ್ಯಾವೇನು?"

ಕಂಬಕ್ಕೆ ಒರಗಿ ಕೂತಿದ್ದ ಹೊಳೆಯಪ್ಪ ಎದ್ದೇ ನಿಂತ. ಕಂಬಳಿಯ ಮೇಲೆ ಕೂತ ಮುಬಶಿರಾ ಕೈಯಲ್ಲಿದ್ದ ಹಾಳೆ ಮಡಚಲಿಲ್ಲ. ಮಿಶ್ರಿಕೋಟಿಯ ಈ ಹುಡುಗಿ ಧಾರವಾಡದಲ್ಲಿ ಬೀಜದ ಸಂಶೋಧನೆ ಮಾಡುತ್ತಿದ್ದಳು. ತಿರ್ಲಾಪುರದ ಹೊಳೆಯಪ್ಪನ ಮನೆಯ ಕಡಲೆಗೆ ಹುಳ ಹತ್ತುವುದಿಲ್ಲ ಎಂಬ ಸುದ್ದಿ ಕೇಳಿಯೇ ಆಕೆ ಎರಡು ವರ್ಷದ ಹಿಂದೆ ಈ ಪಡಸಾಲೆಗೆ ಬಂದದ್ದು.

"ಬಯ್ಯೂದಿದ್ರ ಆಮ್ಯಾಲ ಬಯ್ರಿ ಕಾಕಾ. ಮದ್ಲ ಇದನ್ನ ನೋಡ್ರಿ," ಎಂದಳು.

ಬಾಗಿಲ ಬದಿಗೆ ಮೊರದಲ್ಲಿ ಕಡಲೆ ಕೇರುತ್ತಿದ್ದ ರೇಣುಕವ್ವ ತಲೆ ಎತ್ತಲಿಲ್ಲ. ತಮ್ಮನ ಸಿಟ್ಟು ಆಕೆಗೆ ಹೊಸದಲ್ಲ. ಗಂಡ ತೀರಿದ ಮೇಲೆ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಈ ಮನೆಗೆ ಬಂದು ಇಪ್ಪತ್ತೆಂಟು ವರ್ಷವಾಗಿತ್ತು. ಅಂದಿನಿಂದ ಕೇಳಿದ ಕೂಗು ಅದೇ, ಕೇರಿದ ಮೊರವೂ ಅದೇ.

ಮುಬಶಿರಾ ಹಾಳೆಯನ್ನು ನೆಲಕ್ಕೆ ಹಾಸಿದಳು. "ಪ್ರೋಟೀನ್ ಅಂದ್ರ ಮಣಿ ಪೋಣಿಸಿದ ಸರ ಇದ್ದಂಗ್ರಿ. ಇಪ್ಪತ್ತು ನಮೂನಿ ಮಣಿ, ಒಂದೊಂದಕ್ಕ ಒಂದೊಂದು ಅಕ್ಷರ. ಜೋಡಿ ಜೋಡಿ ಸಾಲಿನ್ಯಾಗ ಮ್ಯಾಲಿಂದು ನಿಮ್ಮ ಕಡ್ಲೀದು, ಕೆಳಗಿಂದು ಪ್ಯಾಟೀದು. ಹುಳದ ಹೊಟ್ಟಿ ಕೆಡಸೂ ಪ್ರೋಟೀನ್ ಇದು. ಕಂಪ್ಯೂಟರ್ ಎರಡೂ ಸರ ಹಿಂದ ಮುಂದ ಸರಿಸಿ ಸರಿಸಿ ಹೊಂದಸತೈತಿ. ಅಕ್ಷರ ಕೂಡಿದಲ್ಲೆ ನಡುವ ಒಂದು ಗೀಟು."

ಗೀಟುಗಳು ಹೊಲಕ್ಕೆ ಹಾಕಿದ ಬೇಲಿಯಂತೆ ಉದ್ದಕ್ಕೂ ನಿಂತಿದ್ದವು. ಹೊಳೆಯಪ್ಪ ಕುಕ್ಕರುಗಾಲಿನಲ್ಲಿ ಕೂತು ಬೆರಳಿಟ್ಟು ನೋಡುತ್ತ ಹೋದ. ನಾಲ್ಕನೆಯ ಜೋಡಿಯಲ್ಲಿ ಬೆರಳು ನಿಂತಿತು.

"ಇಲ್ಲೆ ಗೀಟಿಲ್ಲ. ಸಿಕ್ಕಿತಲ್ಲ, ಇದ ನಮ್ಮಪ್ಪನ ಬೀಜದ ಗುಟ್ಟು. ಕಲಿತಾಕಿಗೆ ಕಾಣಲಿಲ್ಲ, ಏಳನೆತ್ತಾ ಫೇಲಾದಂವಗ ಕಂಡಿತು."

"ಕಂಡಿತ್ರಿ ನನಗೂ." ಆಕೆ ಇನ್ನೊಂದು ಹಾಳೆ ತೆಗೆದಳು. ಅದರಲ್ಲಿ ನಲವತ್ತು ಸಾಲು, ಒಂದರ ಕೆಳಗೊಂದು. "ಬ್ಯಾರೆ ಬ್ಯಾರೆ ಊರಿನ ಕಡ್ಲಿ, ತೊಗರಿ, ಬಟಾಣಿ, ಎಲ್ಲಾ ಇಲ್ಲೆ ಅದಾವು. ಕೆಲಸ ಮಾಡೂ ಜಾಗಾದಾಗ ನಲವತ್ತರಾಗೂ ಒಂದ ಅಕ್ಷರ. ಅಲ್ಲೆ ಬದಲಾದ್ರ ಕೆಲಸ ಕೆಡತೈತಿ. ನೀವು ಬೆರಳಿಟ್ಟಲ್ಲೆ ನೋಡ್ರಿ, ಒಂದೊಂದರಾಗ ಒಂದೊಂದು. ಬಾಗಲದ ಕೀಲಿ ಬ್ಯಾರೆ, ಬಣ್ಣ ಬ್ಯಾರೆ ಕಾಕಾ. ನಿಮ್ಮದರಾಗ ಬದಲಾಗಿದ್ದು ಬಣ್ಣ."

"ಹಂಗಾರ ಹುಳ ಯಾಕ ಹತ್ತಲಿಲ್ಲ?"

ಮುಬಶಿರಾ ಚೀಲದಿಂದ ಎರಡು ಡಬ್ಬಿ ತೆಗೆದಿಟ್ಟಳು. ಎರಡರಲ್ಲೂ ಈ ಮನೆಯದೇ ಕಡಲೆ. ಒಂದರಲ್ಲಿ ಕಾಳು ಗಟ್ಟಿಯಾಗಿದ್ದವು. ಇನ್ನೊಂದರಲ್ಲಿ ತೂತು ಬಿದ್ದ ಕಾಳು, ಹಿಟ್ಟು, ಹರಿದಾಡುವ ಹುಳ.

"ಹುಳ ಬಿದ್ದದ್ದು ಸಾಬೂನು ನೀರಾಗ ತೊಳದಿದ್ದು. ಎರಡು ವರ್ಷದ ಹಿಂದ ನಾ ತೊಳೀಲಾರದ ಹುಳ ಬಿಟ್ಟಿದ್ದೆ. ಏನೂ ಹಚ್ಚಿಲ್ಲ ಅಂತ ನೀವು ಆಣಿ ಮಾಡಿದ್ರಿ, ನಾ ನಂಬಿದೆ. ತಪ್ಪು ನಂದ."

ರೇಣುಕವ್ವನ ಕೈಯಲ್ಲಿ ಮೊರ ನಿಂತಿತು. ಬೀಜ ತುಂಬುವ ದಿನ ಹೆಂಗಸರು ತಲೆಗೆ ಎರೆದುಕೊಂಡು, ಉಪವಾಸವಿದ್ದು ತುಂಬಬೇಕು, ಗಂಡಸರು ಆ ಕೋಣೆಯ ಹೊಸ್ತಿಲು ತುಳಿಯಬಾರದು. ಇದು ಅವ್ವ ನಡೆಸಿಕೊಂಡು ಬಂದ ಪದ್ಧತಿ. ಹೊಳೆಯಪ್ಪ ಆ ಕೋಣೆಯೊಳಗಿನದನ್ನು ಕಂಡವನೇ ಅಲ್ಲ. ಕಾಣದಿದ್ದುದನ್ನು ಇಲ್ಲವೆಂದು ಆಣೆ ಮಾಡಿದ್ದ.

"ಔಡಲ ಎಣ್ಣಿ," ಎಂದಳು ರೇಣುಕವ್ವ. "ಅಂಗೈಗೆ ಹಚಗೊಂಡು ಕಾಳು ತಿಕ್ಕತೀನಿ. ಮದ್ಲ ಅವ್ವ ತಿಕ್ಕತಿದ್ಲು."

ಮುಬಶಿರಾ ಕಣ್ಣು ಮುಚ್ಚಿ ಹಣೆ ಒತ್ತಿಕೊಂಡಳು. "ಅವತ್ತ ಹೇಳಬೇಕಿತ್ತಲ್ರಿ ದೊಡ್ಡವ್ವ."

"ಹೇಳಾಕ ಬಾಯಿ ತಗದಿದ್ದೆ. 'ಅಕ್ಕಾ, ಚಾ ಮಾಡು' ಅಂದ. ಎದ್ದು ಹ್ವಾದೆ."

ಹೊಳೆಯಪ್ಪ ಗೋಡೆಯ ಗೂಡಿನಿಂದ ಅರ್ಜಿ ತಂದ. ಕಡಲೆಗೆ ಅಪ್ಪನ ಹೆಸರು, ಉಡಚಪ್ಪನ ಕಡಲೆ ಎಂದು, ಸರಕಾರದಲ್ಲಿ ದಾಖಲು ಮಾಡಿಸುವ ಅರ್ಜಿ. ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ. 'ಬೀಜಕ್ಕೆ ಏನನ್ನೂ ಲೇಪಿಸಿರುವುದಿಲ್ಲ' ಎಂಬ ಸಾಲಿನ ಕೆಳಗೆ ಅವನ ಸಹಿ ಆಗಿತ್ತು. ಬೀಜ ಕಾಪಿಟ್ಟವರ ಸಹಿಯ ಜಾಗ ಖಾಲಿ ಇತ್ತು.

"ಹಾಕು ಇದಕ್ಕ."

"ಸುಳ್ಳಿಗೆ?"

"ಅಪ್ಪನ ಸಲುವಾಗಿ."

"ಅಂವ ನನಗೂ ಅಪ್ಪನ ಹೌದಲ್ಲೋ ತಮ್ಮಾ. ಅವ್ವನೂ ಒಬ್ಬಾಕಿ ಇದ್ಲು ಈ ಮನ್ಯಾಗ."

"ದೊಡ್ಡವ್ವ ಸಹಿ ಹಾಕಿದ್ರೂ ನಾ ಒಪ್ಪಾಂಗಿಲ್ರಿ ಕಾಕಾ," ಎಂದಳು ಮುಬಶಿರಾ. "ಇದ್ದದ್ದು ಇದ್ದಂಗ ಬರೀತೀನಿ."

"ನೀ ನಡಬರಕ ಬರಬ್ಯಾಡ." ಹೊಳೆಯಪ್ಪ ಅಕ್ಕನ ಕಡೆ ತಿರುಗಿದ. "ಈ ಮನ್ಯಾಗ ಇರೂದಿದ್ರ ಸಹಿ ಹಾಕು. ಇಲ್ಲಾ, ನಿನ್ನ ದಾರಿ ನೀ ನೋಡಕೊ."

ಆಕೆಗೆ ಸಿಟ್ಟೇ ಬರಲಿಲ್ಲ. ಸಿಟ್ಟಿಗೂ ಸ್ವಲ್ಪ ಕಸುವು ಬೇಕಲ್ಲ. ಮೊರವನ್ನು ಕೆಳಗಿಟ್ಟು ಒಳಗೆ ಹೋದಳು. ಬರುವಾಗ ಒಂದು ಕೈಯಲ್ಲಿ ಕೈಚೀಲ, ಇನ್ನೊಂದರಲ್ಲಿ ಎಣ್ಣೆಯ ಬಾಟಲಿ. ಬಾಟಲಿಯನ್ನು ಅರ್ಜಿಯ ಮೇಲಿಟ್ಟಳು.

"ಅಂಗಳದಾಗಿನ ಕಡ್ಲಿ ನಾಳಿಗೆ ಒಣಗತಾವು. ಅಂಗೈ ನೆನಿಯೂವಷ್ಟು ಹಚಗೊಂಡು ತಿಕ್ಕು, ಭಾಳ ಬ್ಯಾಡ. ಇಲ್ಲಾ ಹಂಗ ಬಿಡು, ಅಪ್ಪನ ಕಡ್ಲಿ ಅಲ್ಲೇನು?"

"ಸಂಜಿಗೆ ಬರತಾಳ, ಎಲ್ಲಿಗೆ ಹೋಗತಾಳ," ಎಂದ ಹೊಳೆಯಪ್ಪ, ಮುಬಶಿರಾಗೆ ಕೇಳಿಸುವ ಹಾಗೆ.

ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಹಾಳೆ, ಡಬ್ಬಿ ಚೀಲಕ್ಕೆ ತುಂಬಿ ಹಿಂದೆಯೇ ಬಂದ ಮುಬಶಿರಾ ಬಸ್ಸಿಗೆ ಕಾಯುವಾಗ ಕೇಳಿದಳು, "ನೀವು ಎಲ್ಲಿಗ್ರಿ ದೊಡ್ಡವ್ವ?"

"ಕಲಘಟಗಿಗೆ. ಮಗಳು ಮಂಜುಳಾ ತೊಟ್ಟಲಕ್ಕ ಬಣ್ಣಾ ಬರೀತಾಳ. ಬಾ ಬಾ ಅಂತ ನಾಕು ವರ್ಷಾತು." ಕೈಚೀಲವನ್ನು ಇನ್ನೊಂದು ಕೈಗೆ ಬದಲಿಸಿ, "ನೀ ಬರಿಯೂದರಾಗ ಎಣ್ಣೀದೂ ಬರೀತಿಯೇನು?" ಎಂದಳು.

"ಬರೀತೀನ್ರಿ. ನಿಮ್ಮ ಅವ್ವನ ಹೆಸರೇನು?"

ರೇಣುಕವ್ವ ಹೇಳಿದಳು. ಆ ಹೆಸರನ್ನು ಯಾರಾದರೂ ಕೇಳಿ ಎಷ್ಟು ವರ್ಷವಾಗಿತ್ತೋ. ಬಸ್ಸು ಬಂತು, ಕಿಟಕಿಗೆ ತಲೆ ಆನಿಸಿದೊಡನೆ ನಿದ್ದೆ ಹತ್ತಿತು.

ಆ ಸಂಜೆ ಆಕೆ ಬರಲಿಲ್ಲ. ಮುಂದೆ ಬಿತ್ತಿಗೆಗೂ ಬರಲಿಲ್ಲ. ಕಡಲೆಗೆ ಎಣ್ಣೆ ಬಿತ್ತೋ ಇಲ್ಲವೋ, ರೇಣುಕವ್ವ ಯಾರನ್ನೂ ಕೇಳಲಿಲ್ಲ.