ಬಿಡದ ಕೈ

ಕ್ರೋಂಪೇಟೆ ಸ್ಟೇಷನ್ನಿನಲ್ಲಿ ಇಳಿಯುವವರೆಗೂ ರಂಜನಿ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತ ಬಂದಿದ್ದಳು. ಅಂದಾನಿಯವರ ಮನೆಯ ಬಾಗಿಲು ಕಂಡೊಡನೆ ಎಲ್ಲ ಕಲಸಿಹೋಯಿತು.

ಅಂದಾನಿ ಅವಳಿಗೆ ವಿಮಾನ ಹಾರಿಸಲು ಕಲಿಸುತ್ತಿದ್ದವರು. ಗದಗದ ಕಡೆಯವರು, ಇಪ್ಪತ್ತಾರು ವರ್ಷಗಳಿಂದ ಅದೇ ಕೆಲಸ. ಎರಡು ತಿಂಗಳ ಹಿಂದೆ ಅವಳು ಎರಡು ಸೀಟಿನ ಪುಟ್ಟ ವಿಮಾನವನ್ನು ಇಳಿಸುತ್ತಿದ್ದಾಗ ಚಕ್ರಗಳು ರನ್‌ವೇಗೆ ಬಡಿದು ವಿಮಾನ ಪುಟಿದೆದ್ದಿತು. ಪಕ್ಕದಲ್ಲಿದ್ದ ಅಂದಾನಿ, "ಕಂಟ್ರೋಲ್ ಬಿಡು," ಎಂದರು. ಅವಳ ಬೆರಳುಗಳು ಬಿಗಿದುಕೊಂಡಿದ್ದವು. ಹೆದರಿಕೆಯಲ್ಲಿ ವಿಮಾನದ ಮೂತಿಯನ್ನು ಕೆಳಕ್ಕೆ ಒತ್ತಿಯೇ ಹಿಡಿದಿದ್ದಳು. ಎರಡನೆಯ ಏಟಿಗೆ ಮುಂದಿನ ಚಕ್ರ ಮುರಿದು ವಿಮಾನ ಮಗುಚಿಬಿತ್ತು. ಅವಳಿಗೆ ಹುಬ್ಬಿನ ಮೇಲೆ ನಾಲ್ಕು ಹೊಲಿಗೆ. ಅಂದಾನಿಯವರ ಬೆನ್ನುಮೂಳೆ ಮುರಿದು, ಸೊಂಟದಿಂದ ಕೆಳಗೆ ಸ್ವಾಧೀನವೇ ಇಲ್ಲದಂತಾಯಿತು.

ಪುಟಿದ ಮೇಲೆ ಕಂಟ್ರೋಲ್ ತಮ್ಮ ಕೈಯಲ್ಲೇ ಇತ್ತು ಎಂದು ಅಂದಾನಿ ತನಿಖೆಯವರಿಗೆ ಬರೆದುಕೊಟ್ಟಿದ್ದರು.

"ಅವರೇ ಬರ್ದುಕೊಟ್ಟಾಯ್ತಲ್ಲ, ಅಪ್ಪುರಂ ನೀನ್ಯಾಕ್ಮಾ ಬಾಯಿ ಬಿಡ್ತೀಯಾ?" ಎಂದು ವೆಸ್ಟ್ ಮಾಂಬಲಂನ ಮನೆಯಲ್ಲಿ ಅಪ್ಪ ತಿರುಮಲ ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಬೆಳಿಗ್ಗೆ ಕೂಡ ಕೇಳಿದ್ದರು.

ಅಂದಾನಿ ಕಿಟಕಿಯ ಪಕ್ಕದ ಮಂಚದ ಮೇಲೆ ಮಲಗಿದ್ದರು. ಹೆಂಡತಿ ಊರ್ಮಿಳಾ ಕಾಫಿ ತಂದಿಟ್ಟು ಒಳಗೆ ಹೋದರು.

"ಬಾರವಾ, ಕೂಡು. ಹೊಲಿಗಿ ಮಾಯ್ದಾವೇನು?"

"ಸರ್, ನಾಳೆ ತನಿಖೆಯವರು ನನ್ನನ್ನ ಕರ್ದಿದಾರೆ. ನಾನು ಕೈ ಬಿಡ್ಲಿಲ್ಲ ಅಂತ ಹೇಳ್ಬಿಡ್ತೀನಿ."

ಅಂದಾನಿ ಕಾಫಿ ಕುಡಿಯೆಂದು ಅವಳಿಗೆ ಕೈ ಮಾಡಿದರು. "ಕಲಿಯೋರ ಕೈ ಬಿಗೀತಾವ. ಬಿಡಸಾಕಂತನ ನಾ ಬಾಜೂಕ ಕುಂತಿರ್ತೀನಿ. ನನ್ನ ಕೈಲೆ ಆಗಲಿಲ್ಲ."

"ಆದ್ರೆ ನೀವು ಬರ್ದಿರೋದು ನಿಜ ಅಲ್ಲ ಸರ್."

"ನೀ ಹೇಳಿದ್ರ ನಾ ಎದ್ದು ನಡೀತೀನೇನು? ನಂದು ಹೋತು. ನಿಂದೂ ಯಾಕ ಹೋಗಬೇಕು?"

ಹೊರಟಾಗ ಊರ್ಮಿಳಾ ಗೇಟಿನವರೆಗೆ ಬಂದರು. "ಇಷ್ಟು ವರ್ಷದಾಗ ಅವರ ಹೆಸರಿಗೆ ಒಂದು ತಪ್ಪು ಬಂದಿದ್ದಿಲ್ಲ," ಎಂದರು ತಗ್ಗಿದ ದನಿಯಲ್ಲಿ. "ಈಗ ಮಂದಿ ಫೋನ್ ಮಾಡಿ, ವಯಸ್ಸಾತು, ಕೈ ನಡಗಿರಬೇಕು ಅಂತಾರ. ಇವರು ಹ್ಞೂಂ ಅಂತಾರ."

ಮರುದಿನ ರಂಜನಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಧಿಕಾರಿ ಎರಡು ಸಲ ಹೇಳಿಸಿ ರುಜು ಹಾಕಿಸಿಕೊಂಡರು. ಅವಳ ತರಬೇತಿ ಆರು ತಿಂಗಳು ನಿಂತಿತು. ಆಮೇಲೂ ವಿಮಾನ ತರಬೇತಿ ಶಾಲೆಯವರು ಅವಳನ್ನು ಕರೆಯಲೇ ಇಲ್ಲ. ವರದಿಯಲ್ಲಿ ಇಬ್ಬರ ತಪ್ಪೂ ಸೇರಿತು: ಅವಳು ಕೈ ಬಿಡಲಿಲ್ಲ, ಅವರು ಬಿಡಿಸಲಿಲ್ಲ.

ಅಂದಾನಿಯವರಿಗೆ ಮೂರು ಸಲ ಫೋನ್ ಮಾಡಿದಳು, ಎತ್ತಲಿಲ್ಲ. ನಾಲ್ಕನೆಯ ಸಲ ಎತ್ತಿದವರು ಊರ್ಮಿಳಾ.

"ವರದಿ ಓದಿದಾಗಿಂದ ಇವರದು ಯಾರ ಕೂಡನೂ ಮಾತಿಲ್ಲವಾ. ನಾ ಅವತ್ತ ಗೇಟಿನ ಕಡೆ ನಿನ್ನ ಮುಂದ ಹಂಗ ಅನ್ನಬಾರದಿತ್ತು."

"ನೀವು ಅನ್ನದಿದ್ರೂ ನಾನು ಹೇಳ್ತಿದ್ದೆ ಆಂಟಿ."

ಇಬ್ಬರೂ ಫೋನ್ ಇಡಲಿಲ್ಲ.