ತಜ್ಞರ ಊಟದ ಮೇಜು

ಆ ಮನೆಯ ಯಜಮಾನರನ್ನು ಎಲ್ಲರೂ ತಜ್ಞರು ಎಂದೇ ಕರೆಯುತ್ತಿದ್ದರು. ಹಾಗೆ ಹೆಸರಿಟ್ಟವಳು ಹೆಂಡತಿ. ಅದು ಬಿರುದೆಂದು ತಜ್ಞರು ಇವತ್ತಿಗೂ ನಂಬಿದ್ದಾರೆ.

ಕಟ್ಟಡಗಳು ಮೇಲೇಳುವ ಮೊದಲೇ ಅವು ಹೇಗಿರುತ್ತವೆಂದು ಕಂಪ್ಯೂಟರಿನಲ್ಲಿ ಚಿತ್ರ ಮಾಡಿಕೊಡುವುದು ಅವಳ ಕೆಲಸ. ಆಫೀಸು ಬಿಟ್ಟು ಸ್ವಂತವಾಗಿ ಹಿಡಿದ ಮೊದಲ ಕೆಲಸ ಒಂದು ಶಾಲೆಯ ಗ್ರಂಥಾಲಯದ್ದು. ಶುಕ್ರವಾರ ಸಂಜೆಯೊಳಗೆ ಚಿತ್ರಗಳು ಬಾರದಿದ್ದರೆ ಬೇರೆಯವರಿಗೆ ಕೊಡುತ್ತೇನೆಂದು ಆರ್ಕಿಟೆಕ್ಟ್ ಕಡ್ಡಿ ಮುರಿದ ಹಾಗೆ ಹೇಳಿದ್ದ. ಅದೇ ವಾರ ಅವಳ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟುಹೋಯಿತು. ಪ್ರೊಸೆಸರಿಗೆ ಏನೂ ಆಗಿರಲಿಲ್ಲ, ಬೋರ್ಡ್ ಬದಲಾಯಿಸಿದ್ದರೆ ಸಾಕಿತ್ತು.

"ನನಗೆ ಬಿಡು," ಎಂದರು ತಜ್ಞರು.

ಗೆಳೆಯನ ಅಂಗಡಿಯಿಂದ ಒಂದಲ್ಲ, ಎರಡು ಬೋರ್ಡ್ ತಂದು ಊಟದ ಮೇಜಿನ ತುಂಬ ಹರಡಿದರು. ಒಂದೇ ಕಂಪನಿ, ಒಂದೇ ಅಳತೆ, ಒಂದೇ ಕಪ್ಪು ಬಣ್ಣ. ಬೋರ್ಡನ್ನು ನಿಯಂತ್ರಿಸುವ ಚಿಪ್ಪು, ಅಂದರೆ ಚಿಪ್‌ಸೆಟ್, ಮಾತ್ರ ಬೇರೆ.

"ಅವಳಿಜವಳಿ ಇದ್ದ ಹಾಗಿವೆಯಲ್ಲೋ," ಎಂದರು ಅತ್ತೆ, ತಟ್ಟೆ ಇಡಲು ಜಾಗ ಹುಡುಕುತ್ತ.

"ಅಮ್ಮಾ, ಇದರ ಚಿಪ್‌ಸೆಟ್ ಓವರ್‌ಕ್ಲಾಕ್ ಮಾಡೋಕೆ ಬಿಡುತ್ತೆ. ಕಂಪನಿ ಗೊತ್ತುಮಾಡಿದ್ದಕ್ಕಿಂತ ಜಾಸ್ತಿ ವೇಗದಲ್ಲಿ ಪ್ರೊಸೆಸರ್ ಓಡಿಸಬಹುದು. ಅದು ಬಿಡಲ್ಲ."

"ಸದ್ಯಕ್ಕೆ ಎರಡೂ ಓಡ್ತಿಲ್ವಲ್ಲಪ್ಪ," ಎಂದು ಅತ್ತೆ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

"ರೀ, ನಮ್ಮ ಪ್ರೊಸೆಸರ್ ಡಬ್ಬದ ಮೇಲೆ..." ಎಂದು ಹೆಂಡತಿ ಬಾಯಿ ತೆರೆದಳು.

"ತಡಿ, ಇದೆಲ್ಲ ನಿನ್ನ ತಲೆಗೆ ಹೋಗಲ್ಲ."

ಹೋಲಿಕೆ ಮುಗಿಯುವ ತನಕ ಯಾರೂ ಸ್ಕ್ರೂಡ್ರೈವರ್ ಮುಟ್ಟಕೂಡದೆಂದು ಅಪ್ಪಣೆಯಾಯಿತು. ತಜ್ಞರು ಎರಡೂ ಬೋರ್ಡುಗಳನ್ನು ಬೆಳಕಿಗೆ ಹಿಡಿದು ನೋಡಿದರು, ಹೊರಳಿಸಿ ನೋಡಿದರು, ಯಾರ್ಯಾರದೋ ವಿಡಿಯೊ ಹಾಕಿಕೊಂಡು ತಲೆದೂಗಿದರು. ಕರೆಂಟು ಕೊಟ್ಟು ನೋಡುವ ಅಗ್ಗದ ಉಪಾಯ ಮಾತ್ರ ಅವರಿಗೆ ಹಿಡಿಸಲಿಲ್ಲ. ಇತ್ತ ಹೆಂಡತಿ ಶುಕ್ರವಾರಕ್ಕೆ ಉಳಿದ ದಿನಗಳನ್ನು ಎಣಿಸುತ್ತಿದ್ದಳು. ಈ ಕೆಲಸ ಕೈತಪ್ಪಿದರೆ ಮತ್ತೆ ಹಳೆಯ ಆಫೀಸಿನ ಬಾಗಿಲು ತಟ್ಟಬೇಕು, ಆ ಮ್ಯಾನೇಜರನ ಕಿಸಕ್ಕನೆ ನಗುವ ಮುಖ ನೋಡಬೇಕು.

ಶುಕ್ರವಾರ ಬೆಳಿಗ್ಗೆ ತಜ್ಞರು ಪ್ರೊಸೆಸರನ್ನು ತಣ್ಣಗಿಡುವ ದೊಡ್ಡ ಕೂಲರ್ ತರಲು ಹೊರಟರು. ಓವರ್‌ಕ್ಲಾಕ್ ಮಾಡಿದರೆ ಪ್ರೊಸೆಸರ್ ಬಿಸಿಯೇರುತ್ತದಂತೆ. ಹೆಂಡತಿಯ ತಲೆ ಆಗಲೇ ಬಿಸಿಯೇರಿದ್ದು ಅವರ ಗಮನಕ್ಕೆ ಬರಲಿಲ್ಲ.

ಅವರು ಬೀದಿ ತಿರುಗಿದ್ದೇ ತಡ, ಅವಳು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಳು. ಅತ್ತೆ ಟಾರ್ಚ್ ಹಿಡಿದರು. ಓವರ್‌ಕ್ಲಾಕ್ ಮಾಡಲು ಬಿಡದ ಬೋರ್ಡನ್ನೇ ಕೂರಿಸಿ, ಮುಚ್ಚಳ ಹಾಕಿ, ಗುಂಡಿ ಒತ್ತಿದಳು. ಫ್ಯಾನು ತಿರುಗಿತು. ಇನ್ನೊಂದು ಬೋರ್ಡನ್ನು ಅದರ ಡಬ್ಬಕ್ಕೆ ಸೇರಿಸಿ ಪಕ್ಕಕ್ಕೆ ತಳ್ಳಿ ಕೂತವಳು, ಸಂಜೆ ಕೊನೆಯ ಚಿತ್ರ ಕಳಿಸಿದ ಮೇಲೆಯೇ ಕತ್ತೆತ್ತಿದ್ದು.

ಅಷ್ಟರಲ್ಲಿ ತಜ್ಞರು ಕೂಲರ್ ಸಮೇತ ಬಂದರು. "ನೀನೇ ಜೋಡಿಸಿಬಿಟ್ಯಾ? ಪರವಾಗಿಲ್ಲ," ಎಂದು ಉದಾರವಾಗಿ ಕ್ಷಮಿಸಿ, ಅಮ್ಮ ಕೊಟ್ಟ ಕಾಫಿ ಹಿಡಿದು ಕಂಪ್ಯೂಟರಿನ ಮುಂದೆ ಕೂತರು. ಲೋಟ ಪಕ್ಕಕ್ಕಿಟ್ಟು ಪರದೆಯ ಮೇಲೆ ಗ್ರಂಥಾಲಯವನ್ನು ಅತ್ತಿತ್ತ ತಿರುಗಿಸಿದರು.

"ನೋಡ್ದ್ಯಾ ವೇಗ! ಇದಕ್ಕೇ ನಾನು ಬಡ್ಕೊಂಡಿದ್ದು. ಆ ಸಾಧಾರಣ ಬೋರ್ಡಲ್ಲಿ ಹೀಗೆ ಓಡುತ್ತಾ? ಚಿಪ್‌ಸೆಟ್ ಅಂದ್ರೆ ಚಿಪ್‌ಸೆಟ್ಟು!"

"ರೀ, ಕಾಫಿ ಲೋಟ ಯಾವುದರ ಮೇಲಿಟ್ಟಿದೀರಿ, ನೋಡಿ."

ತಜ್ಞರು ನೋಡಿದರು.

"ನಿಮ್ಮ ಚಿಪ್‌ಸೆಟ್ಟು ಆ ಡಬ್ಬದೊಳಗಿದೆ."

ತಜ್ಞರ ಮುಖ ಪೆಚ್ಚಾಯಿತು. ಆದರೂ ಪಟ್ಟು ಬಿಡಲಿಲ್ಲ. "ಹಾಗಾದ್ರೆ ಅದನ್ನ ಹಾಕಿದ್ರೆ ಇನ್ನೆಷ್ಟು ವೇಗ ಬರ್ತಿತ್ತು, ಯೋಚನೆ ಮಾಡು!"

"ಒಂಚೂರೂ ಬರ್ತಿರಲಿಲ್ಲ. ನಮ್ಮ ಪ್ರೊಸೆಸರಿಗೆ ಕಂಪನೀನೇ ಬೀಗ ಹಾಕಿದೆ. ಯಾವ ಬೋರ್ಡಿಗೆ ಕೂರಿಸಿದ್ರೂ ಅದರ ವೇಗ ಏರಿಸೋಕಾಗಲ್ಲ. ಪ್ರೊಸೆಸರ್ ಡಬ್ಬದ ಮೇಲೇ ಬರೆದಿದೆ. ಮೊದಲ ದಿನಾನೇ ಹೇಳೋಕೆ ಬಂದೆ." ಅವಳ ದನಿ ನಡುಗಿತು. "ಕೆಲಸ ಹೋಗಿಬಿಡುತ್ತೆ ಅಂತ ನನಗೆಷ್ಟು ಭಯ ಆಗಿತ್ತು, ಗೊತ್ತಾ ನಿಮಗೆ?"

ಅವರು ಲೋಟ ಎತ್ತಿ, ಡಬ್ಬದ ಮೇಲೆ ಮೂಡಿದ್ದ ಕಾಫಿ ಕಲೆಯನ್ನು ಅಂಗಿಯ ತುದಿಯಿಂದ ಉಜ್ಜಿದರು. ಕಲೆ ಹೋಗಲಿಲ್ಲ.

"ಗ್ರಂಥಾಲಯ ಚೆನ್ನಾಗಿದೆ," ಎಂದರು ಕೊನೆಗೆ, ತಗ್ಗಿದ ದನಿಯಲ್ಲಿ.

"ಮೊದಲು ಮೇಜು ಖಾಲಿ ಮಾಡಿ," ಎಂದಳು ಅವಳು. "ಅತ್ತೆ ಇನ್ನೆಷ್ಟು ದಿನ ತಟ್ಟೆ ತೊಡೆ ಮೇಲಿಟ್ಕೊಂಡು ಊಟ ಮಾಡ್ಬೇಕು?"